ಮಂಕೋಸಿಯ ಗುಡ್ಡಗಳ ಮೇಲೆ ಒಂದು ದೂರವಾಣಿ ಜಾಲ

ಕಾಫಿ ಬೇ ಕಡೆಗಿನ ಡಾಂಬರು ರಸ್ತೆಯನ್ನು ಬಿಟ್ಟು ಮಣ್ಣಿನ ದಾರಿ ಹಿಡಿಯುತ್ತಲೇ ನಮ್ಮ ವಾಹನದ ವೇಗ ಎತ್ತಿನಗಾಡಿಯದಾಯಿತು. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯ. 2015ರ ಜುಲೈ, ಅಲ್ಲಿ ಚಳಿಗಾಲ. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿದ ಗುಡ್ಡಗಳು, ಅವುಗಳ ನೆತ್ತಿಯಲ್ಲಿ ಹಸಿರುನೀಲಿ ಬಳಿದ ದುಂಡನೆಯ ಮಣ್ಣಿನ ಮನೆಗಳು, ಕೊನೆಯ ಗುಡ್ಡದಾಚೆ ಹಿಂದೂ ಮಹಾಸಾಗರ. ಇದೇ ಮಂಕೋಸಿ. ಹನ್ನೆರಡು ಹಳ್ಳಿಗಳ ಸೀಮೆ.

ಕೇಪ್‌ಟೌನಿನ ವೆಸ್ಟರ್ನ್ ಕೇಪ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳು ಇಲ್ಲಿನ ಜನರೊಡನೆ ಸೇರಿ 2012ರಲ್ಲಿ ಹಾಕಿದ ದೂರವಾಣಿ ಜಾಲವನ್ನು ನೋಡಬೇಕೆಂಬುದು ನನ್ನ ಬಹುದಿನದ ಆಸೆ. ದೂರಸಂಪರ್ಕದ ಕೆಲಸದಲ್ಲೇ ಇರುವ ನಾನು ಎತ್ತರದ ಗೋಪುರ, ಯಂತ್ರಗಳ ಕೋಣೆಗಳನ್ನು ನಿರೀಕ್ಷಿಸಿ ಹೋಗಿದ್ದೆ. ಕಂಡದ್ದು ಹುಲ್ಲಿನ ಸೂರು, ಅದರ ಪಕ್ಕದ ಕಂಬಕ್ಕೆ ಕಟ್ಟಿದ ಅಂಗೈಯಗಲದ ಬಿಳಿ ಪೆಟ್ಟಿಗೆ. ‘ಮೆಶ್ ಪೊಟೇಟೊ’ ಎಂದು ಅದರ ಹೆಸರು. ಒಂದು ಮನೆಯ ಮಾತನ್ನು ಎದುರಿನ ಗುಡ್ಡದ ಪೆಟ್ಟಿಗೆ ಹಿಡಿದು ಮುಂದಿನದಕ್ಕೆ ದಾಟಿಸುತ್ತದೆ. ಹಾಗಾಗಿ ಒಂದಕ್ಕೊಂದು ಕಣ್ಣಿಗೆ ಕಾಣುವ ಮನೆಗಳೇ ಬೇಕು. ಯಾವ ಮನೆ ಎಂದು ತೀರ್ಮಾನಿಸಿದವರು ಊರಿನವರು. ಅದಕ್ಕಾಗಿ ವಿದ್ಯಾರ್ಥಿಗಳು ಮುಖಂಡನ ಸಭೆಗಳಲ್ಲಿ ತಿಂಗಳುಗಟ್ಟಲೆ ಕುಳಿತರು. ಈ ಕಾಯುವಿಕೆಯೇ ಅವರ ದೊಡ್ಡ ಎಂಜಿನಿಯರಿಂಗ್ ಎಂದು ನನಗನ್ನಿಸುತ್ತದೆ.

ನಾವು ಉಳಿದ ಮನೆಯೊಡತಿಯನ್ನು ಎಲ್ಲರೂ ‘ಮಾಮಾ’ ಎನ್ನುತ್ತಿದ್ದರು. ಖೋಸಾ ಭಾಷೆಯಲ್ಲಿ ಅದು ನಮ್ಮ ‘ಅಮ್ಮಾ’. ಒಳಗೆ ಸೌರಫಲಕದಿಂದ ತುಂಬುವ ಬ್ಯಾಟರಿಯ ಪಕ್ಕ ಒಂದು ಗಿಡ್ಡ ಮೇಜು. ಮೇಜಿನ ಮೇಲೆ ಊರವರು ಚಾರ್ಜ್ ಮಾಡಿಸಲು ಬಿಟ್ಟುಹೋದ ಒಂಬತ್ತು ಮೊಬೈಲುಗಳು ಸಾಲಾಗಿ ಮಲಗಿದ್ದವು. ಒಂದಕ್ಕೆ ಹಿಂಬದಿ ಮುಚ್ಚಳವೇ ಇಲ್ಲ, ರಬ್ಬರ್ ಬ್ಯಾಂಡ್ ಸುತ್ತಿತ್ತು. ಪ್ರತಿಯೊಂದರ ಕೆಳಗೂ ಹೆಸರು ಬರೆದ ಚೀಟಿ. ಬಂದ ಚಿಲ್ಲರೆಯನ್ನು ಮಾಮಾ ಶಾಲೆಯ ನೋಟುಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದರು. ಆಗ ಊರಿನ ಬಹುಪಾಲು ಮನೆಗಳಿಗೆ ವಿದ್ಯುತ್ ಇರಲಿಲ್ಲ. ಮೊದಲು ಚಾರ್ಜ್ ಮಾಡಿಸಲು ದೂರದ ಅಂಗಡಿಗೆ ನಡೆಯಬೇಕಿತ್ತು. ಜಾಲದೊಳಗಿನ ಕರೆಗಳಿಗೆ ಕಾಸಿರಲಿಲ್ಲ. ಜಾಲವನ್ನು ಸಾಕುತ್ತಿದ್ದುದು ಸೂರ್ಯನಿಂದ ಬಂದ ಈ ಚಿಲ್ಲರೆ ಹಣ.

2014ರಲ್ಲಿ ಊರಿನವರು ಸಹಕಾರ ಸಂಘ ಕಟ್ಟಿಕೊಂಡರು. ದೂರಸಂಪರ್ಕ ನಿಯಂತ್ರಣ ಸಂಸ್ಥೆ ‘ಇಕಾಸಾ’ ಪರವಾನಗಿಯಿಂದ ವಿನಾಯಿತಿಯನ್ನೂ ಕೊಟ್ಟಿತು. ಸಂಘದ ಹೆಸರು ಜೆನ್ಜೆಲೆನಿ, ಅಂದರೆ ‘ನೀವೇ ಮಾಡಿಕೊಳ್ಳಿ’.

ರಾತ್ರಿ ಊಟಕ್ಕೆ ಉಮ್ಂಕುಷೊ. ಒಡೆದ ಮುಸುಕಿನ ಜೋಳವನ್ನು ಕಾಳಿನೊಂದಿಗೆ ಗಂಟೆಗಟ್ಟಲೆ ಬೇಯಿಸಿದ್ದು. ಬಾಯಿಗಿಟ್ಟಾಗ ಅಜ್ಜಿ ಮಾಡುತ್ತಿದ್ದ ಜೋಳದ ನುಚ್ಚು ನೆನಪಾಗಿ ಎರಡನೆಯ ಸಲ ಹಾಕಿಸಿಕೊಂಡೆ. ಆ ಹೆಸರಿನ ನಡುವೆ ನಾಲಿಗೆಯನ್ನು ಅಂಗುಳಿಗೆ ಹೊಡೆದು ‘ಟಕ್’ ಎನ್ನಿಸಬೇಕು. ಮಾಮಾ ನಾಲ್ಕು ಸಲ ಹೇಳಿಕೊಟ್ಟರೂ ನನಗೆ ಬರಲಿಲ್ಲ.

ಬೆಳಿಗ್ಗೆ ಹೊರಡುವಾಗ ಫೋನು ರಿಂಗಣಿಸಿತು. ಮಾಮಾ ಎತ್ತಿಕೊಂಡು ಕಿಟಕಿಯಾಚೆಯ ಗುಡ್ಡವನ್ನೇ ನೋಡುತ್ತಾ ಮಾತನಾಡಿದರು. ಜೊತೆಗಿದ್ದ ವಿದ್ಯಾರ್ಥಿ ಅರ್ಥ ಹೇಳಿದ: “ಆಚೆ ಮನೆಯವರು. ನಿನ್ನೆಯ ಗಾಳಿಗೆ ಅವರ ಫಲಕದ ಮೇಲೆಲ್ಲ ಧೂಳಂತೆ. ನಿಮ್ಮದನ್ನು ಒರೆಸಿದಿರಾ ಎಂದು ಕೇಳುತ್ತಿದ್ದಾರೆ.” ಮಾಮಾ ಫೋನಿಟ್ಟು, ಬಟ್ಟೆಯನ್ನು ಬಕೆಟಿನಲ್ಲಿ ಅದ್ದಿ ಹಿಂಡಿ, ಏಣಿ ಹಿಡಿಯಲು ನನ್ನನ್ನು ಕರೆದರು.