ಶವರ್ ಕೆಳಗೆ ಕೂತ ಬಾಂಡ್

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಜೇಮ್ಸ್ ಬಾಂಡ್ ಸಿನಿಮಾಗಳ ದೃಶ್ಯಗಳನ್ನು ಒಂದೊಂದಾಗಿ ನೋಡುತ್ತಾ ಕೂತಿದ್ದೆ.

ಅಭಿಮಾನಿಗಳಲ್ಲಿ ತುಂಬಾ ಜನಕ್ಕೆ ಥಟ್ಟನೆ ನೆನಪಾಗುವುದು 1977ರ ‘ದ ಸ್ಪೈ ಹೂ ಲವ್ಡ್ ಮಿ’ ಚಿತ್ರದ ಸ್ಕೀ ಜಿಗಿತ. ಬಾಂಡ್ ಬೆಟ್ಟದ ಅಂಚಿನಿಂದ ಹಾರುತ್ತಾನೆ. ಸಂಗೀತ ನಿಲ್ಲುತ್ತದೆ. ಬೀಳುತ್ತಾನೆ, ಬೀಳುತ್ತಲೇ ಇರುತ್ತಾನೆ. ಆಮೇಲೆ ಬ್ರಿಟಿಷ್ ಬಾವುಟದ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ! ನಿಜವಾಗಿ ಹಾರಿದ್ದು ಸ್ಟಂಟ್‌ಮ್ಯಾನ್ ರಿಕ್ ಸಿಲ್ವೆಸ್ಟರ್, ಕೆನಡಾದ ಬ್ಯಾಫಿನ್ ದ್ವೀಪದಲ್ಲಿ. ಕಳಚಿದ ಸ್ಕೀ ಒಂದು ಪ್ಯಾರಾಚೂಟಿಗೆ ತಾಗಿಕೊಂಡೇ ಕೆಳಗೆ ಹೋಗುತ್ತದೆ. ಗಮನಿಸಿ ನೋಡಿ, ಎದೆ ಝಲ್ಲೆನ್ನುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ 2006ರ ‘ಕ್ಯಾಸಿನೊ ರಾಯಲ್’ನ ಶವರ್ ದೃಶ್ಯ. ಮೆಟ್ಟಿಲ ಮೇಲಿನ ಹೊಡೆದಾಟದಲ್ಲಿ ಕಣ್ಣೆದುರೇ ಸಾವು ನೋಡಿದ ನಾಯಕಿ ವೆಸ್ಪರ್, ಬಟ್ಟೆ ಸಮೇತ ನೀರಿನ ಕೆಳಗೆ ನಡುಗುತ್ತಾ ಕೂತಿರುತ್ತಾಳೆ. ಡೇನಿಯಲ್ ಕ್ರೇಗ್‌ನ ಬಾಂಡ್ ಬರುತ್ತಾನೆ. ಅವನೂ ಬಟ್ಟೆ ಸಮೇತ ಪಕ್ಕದಲ್ಲೇ ಕೂರುತ್ತಾನೆ. ಚಳಿಯಾ ಅಂತ ಕೇಳಿ ನೀರನ್ನು ಬಿಸಿ ಮಾಡುತ್ತಾನೆ. ಬುದ್ಧಿಮಾತಿಲ್ಲ, ಭಾಷಣವಿಲ್ಲ.

1962ರಿಂದ ಈ ಸರಣಿಯಲ್ಲಿ ಎಷ್ಟೊಂದು ಜನ ಸಾಯುತ್ತಾರೆ. ಆ ಸಾವು ನೋಡಿದವರು ಆಮೇಲೆ ಏನಾದರು ಅಂತ ಕ್ಯಾಮೆರಾ ನಿಂತು ನೋಡುವುದು ಬಹಳ ಕಡಿಮೆ, ಅಲ್ವಾ? ಹಾಗೆ ನಿಂತಾಗೆಲ್ಲ ನನಗೆ ಈ ಸರಣಿ ಇನ್ನಷ್ಟು ಹತ್ತಿರವಾಗುತ್ತದೆ.

ಇವತ್ತು ರಾತ್ರಿ 1969ರ ಬಾಂಡ್ ಚಿತ್ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ ನೋಡಬೇಕು. ಮದುವೆಯ ದಿನವೇ ಹೆಂಡತಿಯನ್ನು ಕಳೆದುಕೊಂಡು, ಕಾರಿನಲ್ಲಿ ಅವಳನ್ನು ತಬ್ಬಿ ಕೂತ ಜಾರ್ಜ್ ಲೇಜನ್‌ಬಿಯ ಬಾಂಡ್‌ಗಾಗಿ.