ಐಸ್‌ಲ್ಯಾಂಡಿಗೆ ಹೋಗುವವರು ಒಂದು 2. ಡೇಲ್ಡ್ ಮ್ಯಾಚನ್ನೂ ನೋಡಿ ಬನ್ನಿ

ಐಸ್‌ಲ್ಯಾಂಡ್ ಪ್ರವಾಸ ಅಂದರೆ ಜಲಪಾತ, ಹಿಮನದಿ, ರಾತ್ರಿ ಆಕಾಶದ ಹಸಿರು ಬೆಳಕು. ಎಲ್ಲವನ್ನೂ ನೋಡಲೇಬೇಕು. ಆದರೆ ಫುಟ್‌ಬಾಲ್ ಹುಚ್ಚು ಸ್ವಲ್ಪ ಇದ್ದರೂ ಸಾಕು, ಅಲ್ಲಿನ ಕೆಳಗಿನ ಲೀಗಾದ 2. ಡೇಲ್ಡ್‌ನ (ಡೇಲ್ಡ್ ಅಂದರೆ ವಿಭಾಗ) ಒಂದು ಮ್ಯಾಚನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಉಳಿದ ಪ್ರವಾಸವನ್ನು ಅದರ ಸುತ್ತ ಹೊಂದಿಸಿ. 4 ಲಕ್ಷ ಜನರೂ ಇಲ್ಲದ ದೇಶ 2016ರ ಯೂರೋ ಕಪ್‌ನಲ್ಲಿ ಇಂಗ್ಲೆಂಡನ್ನು ಮನೆಗೆ ಕಳಿಸಿತ್ತಲ್ವಾ, ಅದರ ಬೇರು ಇರುವುದು ಈ ಸಣ್ಣ ಊರುಗಳ ಮೈದಾನಗಳಲ್ಲೇ.

ಲೀಗಿನ ಲೆಕ್ಕ ತಿಳಿದಿದ್ದರೆ ಯಾವಾಗ ಹೋಗಬೇಕು ಅನ್ನುವುದೂ ಗೊತ್ತಾಗುತ್ತದೆ. ಎಲ್ಲಕ್ಕಿಂತ ಮೇಲೆ ಬೆಸ್ಟಾ ಡೇಲ್ಡ್, ಅದರ ಕೆಳಗೆ 1. ಡೇಲ್ಡ್, ಆಮೇಲೆ 2. ಡೇಲ್ಡ್. ಅಂದರೆ ಎರಡು ಅಂತ ಕರೆದರೂ ಇದು ಮೂರನೇ ಮೆಟ್ಟಿಲು. 12 ತಂಡಗಳು, ಪ್ರತಿ ತಂಡದ ಜೊತೆ ಎರಡು ಸಲ, ಒಟ್ಟು 22 ಪಂದ್ಯ. ಮೊದಲ ಎರಡು ತಂಡ ಮೇಲಕ್ಕೆ, ಕೊನೆಯ ಎರಡು ಕೆಳಕ್ಕೆ. ಬೆಸ್ಟಾದಲ್ಲಿ 2022ರಿಂದ 22 ಪಂದ್ಯ ಮುಗಿದ ಮೇಲೆ ತಂಡಗಳನ್ನು ಆರಾರಾಗಿ ಒಡೆದು ಮತ್ತೆ ಆಡಿಸುತ್ತಾರೆ. 1. ಡೇಲ್ಡ್‌ನಲ್ಲಿ 2023ರಿಂದ ಎರಡರಿಂದ ಐದನೇ ಸ್ಥಾನದವರಿಗೆ ಪ್ಲೇಆಫ್ ಇದೆ. 2. ಡೇಲ್ಡ್‌ನಲ್ಲಿ ಅದ್ಯಾವುದೂ ಇಲ್ಲ. ಮೂರನೇ ಸ್ಥಾನಕ್ಕೆ ಬಂದರೆ ಮುಗೀತು, ಇನ್ನೊಂದು ವರ್ಷ ಕಾಯಬೇಕು. ನನಗೆ ಇದೇ ಇಷ್ಟ. ಕೊನೆಯ ನಾಲ್ಕೈದು ಸುತ್ತುಗಳಲ್ಲಿ ಒಂದೊಂದು ಗೋಲಿಗೂ ಅಷ್ಟು ಬೆಲೆ ಬರುತ್ತದೆ.

ಸೀಸನ್ ಮೇ ತಿಂಗಳಲ್ಲಿ ಶುರುವಾಗಿ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಮುಗಿಯುತ್ತದೆ. ಹಾಗಾಗಿ ಆಗಸ್ಟ್ ಕೊನೆಯಲ್ಲಿ ಹೋಗಿ ಅನ್ನುತ್ತೇನೆ. ಲೀಗ್ ಕಾವೇರಿರುತ್ತದೆ. ಅಷ್ಟೊತ್ತಿಗೆ ರಾತ್ರಿ ಕತ್ತಲೂ ಬರುವುದರಿಂದ ಅದೃಷ್ಟ ಇದ್ದರೆ ಹಸಿರು ಬೆಳಕೂ ಸಿಗುತ್ತದೆ. ಜೂನ್‌ನಲ್ಲಿ ಹೋದರೆ ಅದರ ಆಸೆ ಬಿಡಬೇಕು.

ನಾನು ಆರಿಸಿಕೊಂಡದ್ದು ಓಲಾಫ್ಸ್‌ವಿಕ್. ಸ್ನೈಫೆಲ್ಸ್‌ನೆಸ್ ಪರ್ಯಾಯ ದ್ವೀಪದ ಮೀನುಗಾರರ ಊರು, ಜನಸಂಖ್ಯೆ ಸುಮಾರು ಸಾವಿರ. ಇಲ್ಲಿನ ವೀಕಿಂಗುರ್ ತಂಡ 2013ರಲ್ಲಿ ದೇಶದ ಅತಿ ದೊಡ್ಡ ಲೀಗಿನಲ್ಲೇ ಆಡಿತ್ತು ಅಂದರೆ ನಂಬಬೇಕು. ರಾಜಧಾನಿ ರೇಕ್ಯಾವಿಕ್‌ನಿಂದ ಕಾರಿನಲ್ಲಿ ಎರಡೂವರೆ ಗಂಟೆ ದಾರಿ. ಸಮುದ್ರದಡಿಯ ಹ್ವಾಲ್‌ಫ್ಯೋರ್ದುರ್ ಸುರಂಗ ದಾಟಿ ಹೋಗಬೇಕು, ಅದಕ್ಕೆ ಈಗ ಟೋಲ್ ಇಲ್ಲ.

ಮೈದಾನದಲ್ಲಿ ಮೊದಲು ಕಣ್ಣಿಗೆ ಬೀಳುವುದು ಕಾರುಗಳು. ಚಳಿಗಾಳಿ ತಡೆಯಲಾಗದವರು ಮೂತಿ ಮೈದಾನದ ಕಡೆ ಮಾಡಿ ಕಾರು ನಿಲ್ಲಿಸಿ, ಒಳಗೇ ಕೂತು ಆಟ ನೋಡುತ್ತಾರೆ. ವೈಪರ್ ಆಡುತ್ತಿರುತ್ತದೆ. ಊರಿನ ತಂಡ ಗೋಲು ಹೊಡೆದರೆ ಎಲ್ಲ ಕಾರುಗಳೂ ಒಟ್ಟಿಗೆ ಹಾರ್ನ್ ಹೊಡೆಯುತ್ತವೆ. ನೀವು ಮಾತ್ರ ಕಾರಿನಲ್ಲಿ ಕೂರಬೇಡಿ, ಹೊರಗೆ ನಿಲ್ಲಿ. ಕೋಚ್ ಕೂಗುವುದು, ಬೂಟಿಗೆ ಚೆಂಡು ತಾಗುವ ಸದ್ದು ಎಲ್ಲ ಕಿವಿಗೆ ಬೀಳುತ್ತದೆ. ಹಾಫ್‌ಟೈಮ್ ಆದದ್ದೇ ತಡ, ಮಕ್ಕಳು ಚೆಂಡು ಹಿಡಿದು ಗೋಲ್‌ಪೋಸ್ಟಿಗೆ ಓಡುತ್ತಾರೆ. ಯಾರೂ ಗದರುವುದಿಲ್ಲ. ಪಕ್ಕದಲ್ಲಿ ಕಾಫಿ ಹಿಡಿದು ನಿಂತವರು ಎಲ್ಲಿಂದ ಬಂದಿರಿ ಅಂತ ವಿಚಾರಿಸಿ, ಯಾವ ಆಟಗಾರ ಯಾರ ಮಗ ಅಂತ ಹೇಳುತ್ತಾ ಹೋದರು.

ಎದುರಾಳಿಗಳ ಪ್ರಯಾಣವನ್ನೂ ಒಮ್ಮೆ ಯೋಚಿಸಿ. ಈ ಲೀಗಿನಲ್ಲಿ ಪೂರ್ವ ತುದಿಯ ಏಯಿಲ್ಸ್‌ಸ್ಟಾದಿರ್ ಕಡೆಯ ಹೋತ್ತುರ್/ಹುಯಿಗಿನ್‌ನಂಥ ತಂಡಗಳೂ ಆಡಿವೆ. ಆ ಊರು ರೇಕ್ಯಾವಿಕ್‌ನಿಂದಲೇ ಸುಮಾರು 650 ಕಿ.ಮೀ. ದೂರ. ಹೆಸರಿನ ನಡುವೆ ಆ ಗೀಟು ಇರುವುದು, ಎರಡು ಊರುಗಳ ಕ್ಲಬ್‌ಗಳು ಸೇರಿ ಒಂದು ತಂಡ ಕಟ್ಟಿರುವುದಕ್ಕೆ. ಒಂದೇ ಊರಿನಲ್ಲಿ ಆಳು ಸಾಲದು, ಹಾಗಂತ ಆಟ ಬಿಡಲು ಮನಸ್ಸಿಲ್ಲ. ಇದನ್ನು ನೋಡಿ ನನಗೆ ನಿಜಕ್ಕೂ ಗೌರವ ಬಂತು.

ಇನ್ನು ಕೆಲವು ಮಾತು. ಟಿಕೆಟ್ ಮುಂಚೆ ತೆಗೆದುಕೊಳ್ಳುವ ಚಿಂತೆ ಬೇಡ, ಗೇಟಿನಲ್ಲೇ ಕಾರ್ಡ್ ಕೊಟ್ಟರಾಯಿತು. ಛತ್ರಿ ಸುಮ್ನೆ ಭಾರ, ಗಾಳಿ ಮುರಿದುಹಾಕುತ್ತದೆ. ಒಳ್ಳೆ ರೇನ್‌ಕೋಟ್, ಉಣ್ಣೆ ಟೋಪಿ ಇರಲಿ. ಕಾರಿನ ಬಾಗಿಲನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದೇ ತೆಗೆಯಿರಿ. ಗಾಳಿಗೆ ಬಾಗಿಲು ಕಿತ್ತರೆ ಬಾಡಿಗೆ ಕಾರಿನ ಇನ್ಶೂರೆನ್ಸ್ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಅಲ್ಲಿ ಗಾಡಿ ಬಲಗಡೆ ಓಡಿಸಬೇಕು. ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆಗಳಲ್ಲಿ, ಸೇತುವೆಗೆ ಹತ್ತಿರ ಇರುವ ಗಾಡಿಗೆ ಮೊದಲ ದಾರಿ. ಸೆಪ್ಟೆಂಬರ್‌ನಲ್ಲಿ ಬೆಟ್ಟದಿಂದ ಕುರಿಗಳನ್ನು ಇಳಿಸುತ್ತಾರೆ, ರಸ್ತೆಯಲ್ಲಿ ಮಂದೆ ಸಿಕ್ಕರೆ ಕಾಯಿರಿ.

ಮೈದಾನದಲ್ಲಿ ಸಿಗುವುದು ಹೆಚ್ಚಾಗಿ ಹಾಟ್‌ಡಾಗ್. ಸಸ್ಯಾಹಾರಿಗಳು ಬೋನುಸ್ ಅಂಗಡಿಯಲ್ಲಿ ಬ್ರೆಡ್ಡು, ಹಣ್ಣು, ಮೊಸರಿನಂಥ ಸ್ಕೀರ್ ಕೊಂಡಿಟ್ಟುಕೊಳ್ಳಿ. ಬಿಸಿನೀರು ಹಾಕಿದರೆ ಸಾಕಾಗುವ ಅವಲಕ್ಕಿ, ಉಪ್ಪಿಟ್ಟಿನ ಪ್ಯಾಕೆಟ್ಟು ಮನೆಯಿಂದಲೇ ಒಯ್ಯಿರಿ. ಮ್ಯಾಚ್ ಮುಗಿದ ಮೇಲೆ ಊರಿನ ಈಜುಕೊಳಕ್ಕೆ ಹೋಗಿ, ಬಿಸಿನೀರಿನ ತೊಟ್ಟಿಯಲ್ಲಿ ಕೂತರೆ ಚಳಿ ಬಿಡುತ್ತದೆ. ನೀರಿಗಿಳಿಯುವ ಮುಂಚೆ ಬಟ್ಟೆಯಿಲ್ಲದೆ ಸೋಪು ಹಚ್ಚಿ ಸ್ನಾನ ಮಾಡಬೇಕು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೋಣೆ ಇರುತ್ತದೆ, ಸಂಕೋಚ ಪಡಬೇಡಿ.

ಯಾವ ತಂಡ ಯಾವ ಡೇಲ್ಡ್‌ನಲ್ಲಿದೆ ಅನ್ನುವುದು ವರ್ಷವರ್ಷ ಬದಲಾಗುತ್ತದೆ. ವಿಮಾನದ ಟಿಕೆಟ್ ತೆಗೆಯುವ ಮೊದಲು ಅಲ್ಲಿನ ಫುಟ್‌ಬಾಲ್ ಸಂಸ್ಥೆ ಕೆಎಸ್‌ಐ ವೆಬ್‌ಸೈಟಿನಲ್ಲಿ ವೇಳಾಪಟ್ಟಿ ನೋಡಿ. ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ, ಗಾಳಿ ಜಾಸ್ತಿ ಇದ್ದರೆ ಪಂದ್ಯ ಮುಂದಕ್ಕೆ ಹೋಗಬಹುದು. ಅದಕ್ಕೇ ಆ ಕಡೆ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡಿರಿ.