ಬೊಂಬೆಯ ಹಿಮ್ಮಡಿಗೆ ಚುಚ್ಚುತ್ತಿದ್ದ ಹುಡುಗ

ರೆಫರಲ್ ಚೀಟಿಯಲ್ಲಿ ‘ತುಂಬಾ ಹಠ, ಹೈಪರ್’ ಅಂತಷ್ಟೇ ಇತ್ತು. ಆ ಚೀಟಿ ನೆನಪಾದರೆ ಈಗಲೂ ಸಿಟ್ಟು ಬರುತ್ತದೆ. ನಾಲ್ಕು ವರ್ಷದ ಹುಡುಗ, ಸಿಂಧನೂರು ಕಡೆಯವನು. ಚಪ್ಪಲಿ ಹಾಕಲು ಕಾಲು ಹಿಡಿದರೆ ಸಾಕು, ಇಡೀ ಅಂಗನವಾಡಿ ಬೆಚ್ಚಿಬೀಳುವ ಹಾಗೆ ಕಿರುಚುತ್ತಿದ್ದನಂತೆ.

ರಾಯಚೂರಿನ ನಮ್ಮ ಪ್ಲೇ ರೂಮಿಗೆ ಬಂದವನು ಬೊಂಬೆಯನ್ನು ಅಂಗಾತ ಮಲಗಿಸಿದ. ಸೆಲೋಟೇಪ್ ಹರಿದು ಅದರ ಮೂಗಿಗೆ ಅಂಟಿಸಿದ. ಆಮೇಲೆ ಕ್ರೇಯಾನ್ ತೆಗೆದುಕೊಂಡು ಹಿಮ್ಮಡಿಗೆ ಚುಚ್ಚಿದ. ಎಡಗಾಲು, ಬಲಗಾಲು, ಮತ್ತೆ ಎಡಗಾಲು. ಮುಖದಲ್ಲಿ ಆಟದ ಖುಷಿಯೇ ಇಲ್ಲ. ಉಸಿರು ಬಿಗಿಹಿಡಿದಿದ್ದ. ತಡೆಯಬೇಕಾ, ಬಿಡಬೇಕಾ? ಸುಮ್ನೆ ಕೂತೆ. ಬಾಗಿಲ ಹತ್ತಿರ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ‘ಪಾಪುಗೆ ನೋವಾಗ್ತಿದೆ, ಅಲ್ವಾ?’ ಅಂದೆ. ಅವನು ತಲೆ ಎತ್ತಲಿಲ್ಲ. ಆದರೆ ಚುಚ್ಚುವುದು ನಿಂತಿತು.

ಲಸಿಕೆ ಹಾಕುವುದು ತೋಳಿಗೆ, ತೊಡೆಗೆ. ಹಿಮ್ಮಡಿಗೆ ಚುಚ್ಚುವುದು ಹಸುಗೂಸುಗಳ ವಿಶೇಷ ಆರೈಕೆ ಘಟಕವಾದ ಎಸ್‌ಎನ್‌ಸಿಯುನಲ್ಲಿ, ಶುಗರ್ ನೋಡಲು. ತಾಯಿಯನ್ನು ಕೇಳಿದೆ. ಏಳು ತಿಂಗಳಿಗೇ ಹುಟ್ಟಿದ ಕೂಸು, ಮೂಗಿನಲ್ಲಿ ನಳಿಗೆ. ‘ಅವಂಗ ಇದನ್ನ ಯಾರೂ ಹೇಳಿಲ್ರಿ ಮೇಡಂ’ ಅಂದರು.

ಹುಟ್ಟಿದ ಹೊಸತರಲ್ಲಿ ನಡೆದದ್ದನ್ನು ಯಾರೂ ಕಥೆಯ ಹಾಗೆ ನೆನಪಿಟ್ಟುಕೊಳ್ಳುವುದಿಲ್ಲ. ಅದಕ್ಕೆ ಬೇಕಾದ ಮಿದುಳಿನ ಭಾಗ, ಹಿಪೊಕ್ಯಾಂಪಸ್, ಆಗಿನ್ನೂ ಬಲಿತಿರುವುದಿಲ್ಲ. ಆದರೆ ಕಾಲು ಹಿಡಿದರೆ ನೋವು ಬರುತ್ತದೆ ಅನ್ನುವುದನ್ನು ಮೈ ಕಲಿತುಬಿಡುತ್ತದೆ. ಐದು ವರ್ಷದೊಳಗೆ ಆಘಾತ ಕಂಡ 20 ಮಕ್ಕಳ ಬಗ್ಗೆ ಅಮೆರಿಕದ ಮನೋವೈದ್ಯೆ ಲೆನೋರ್ ಟೆರ್ 1988ರಲ್ಲಿ ಬರೆದಿದ್ದರು. ಬಾಯಲ್ಲಿ ಹೇಳಲಾಗದ ಮಕ್ಕಳೂ ಅದನ್ನು ಆಟದಲ್ಲಿ, ಭಯದಲ್ಲಿ ತೋರಿಸುತ್ತಿದ್ದರು. ಹಾಗಂತ ಬೊಂಬೆಯಾಟವೊಂದೇ ಸಾಕ್ಷಿಯಲ್ಲ. ಮನೆಯವರ ಮಾತು ಕಿವಿಗೆ ಬಿದ್ದಿರಬಹುದು, ಬೇರೆ ಕೂಸಿಗೆ ಚುಚ್ಚುವುದನ್ನು ನೋಡಿರಬಹುದು. ಅದಕ್ಕೇ ಹುಟ್ಟಿದಾಗಿನ ದಾಖಲೆ ಬೇಕು.

ನಮ್ಮ ಫಾರಂನಲ್ಲಿ ತೂಕಕ್ಕೆ, ಎತ್ತರಕ್ಕೆ, ಆಧಾರ್‌ಗೆ ಕಾಲಂ ಇದೆ. ಎಸ್‌ಎನ್‌ಸಿಯುನಲ್ಲಿ ಎಷ್ಟು ದಿನ ಇತ್ತು, ತಾಯಿ ಯಾವಾಗ ಎತ್ತಿಕೊಂಡಳು ಅನ್ನುವುದಕ್ಕೆ ಜಾಗವೇ ಇಲ್ಲ. ಮೀಟಿಂಗಿನಲ್ಲಿ ಕೇಳಿದರೆ ‘ಫಾರ್ಮ್ಯಾಟ್ ಮೇಲಿಂದ ಬರುತ್ತೆ’ ಅನ್ನುತ್ತಾರೆ. ಅಷ್ಟರಲ್ಲಿ ಮಗುವಿಗೆ ‘ಹೈಪರ್’ ಹಣೆಪಟ್ಟಿ ಅಂಟಿರುತ್ತದೆ.

ತಾಯಿಗೆ ಹೇಳಿದ್ದು ಇಷ್ಟೇ. ಕಾಲು ಮುಟ್ಟುವ ಮೊದಲು ಅವನನ್ನು ಕೇಳಿ, ಹೂಂ ಅಂದ ಮೇಲೆ ಮುಟ್ಟಿ. ಹುಟ್ಟಿದಾಗ ಆಸ್ಪತ್ರೆಯಲ್ಲಿ ಏನಾಯಿತು, ಅದು ಹೇಗೆ ಮುಗಿಯಿತು ಅಂತ ಚಿಕ್ಕ ಕಥೆ ಮಾಡಿ ಹೇಳಿ. ಫಾರಂ ಬದಲಾಗುವ ತನಕ ಕಾಯಲು ನನಗೆ ಆಗುವುದಿಲ್ಲ. ರೆಫರಲ್ ಬಂದ ಕೂಡಲೇ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಡಿಸ್ಚಾರ್ಜ್ ಕಾರ್ಡ್ ತರಲು ಹೇಳುತ್ತೇನೆ. ಕಾರ್ಡ್ ಕಳೆದಿದ್ದರೆ ತಾಯಿಯನ್ನೇ ಕೂರಿಸಿಕೊಂಡು ಹೆರಿಗೆಯಿಂದ ಶುರುಮಾಡುತ್ತೇನೆ.